ಅಳದ ಮಗು ಜಾಣ ಮಗುವೇ?

ಇಲವಾಲದ ಒಂದು ಮನೆಯಂಗಳವನ್ನು ಊಹಿಸಿಕೊಳ್ಳಿ. ಮೂರು ವರ್ಷದ ಕೂಸು ಬಿದ್ದು ಮಂಡಿ ತರಚಿಕೊಂಡಿತು. ಅಳಲಿಲ್ಲ, ಯಾರ ಮಡಿಲನ್ನೂ ಅರಸಲಿಲ್ಲ. ‘ಎಂಥ ಗಟ್ಟಿ ಮಗು!’ ಎಂದರು ನೆರೆಯವರು. ಇನ್ನೊಂದು ಮಗು ಹುಣಸೂರು ರಸ್ತೆಯ ಬಸ್ಸಿನಲ್ಲಿ ಕಂಡರಿಯದವರ ಕೈಹಿಡಿದು, ತಿರುಗಿಯೂ ನೋಡದೆ ಇಳಿದು ಹೊರಟಿತು. ‘ಎಷ್ಟು ಸಲಿಗೆ!’ ಎಂದು ನಕ್ಕರು.

ಒಮ್ಮೆ ಹೀಗಾದರೆ ಚಿಂತೆಯಿಲ್ಲ. ಇದೇ ನಿತ್ಯದ ನಡತೆಯಾದರೆ ಮಾತ್ರ ಎಚ್ಚರ ಬೇಕು. ಸಂತೈಸಿದರೂ ಸಮಾಧಾನಗೊಳ್ಳದಿರುವುದು, ನಗು ವಿರಳವಾಗುವುದು, ಕಾರಣವಿಲ್ಲದೆ ಬೆದರುವುದು ಇವೂ ಗಮನಿಸತಕ್ಕ ಕುರುಹುಗಳೇ. ಶೈಶವದಲ್ಲಿ ತೀವ್ರ ಅಲಕ್ಷ್ಯಕ್ಕೊಳಗಾದ, ಮೇಲಿಂದ ಮೇಲೆ ಕೈಬದಲಾದ ಮಕ್ಕಳಲ್ಲಿ ಇಂಥ ಬಾಂಧವ್ಯದೋಷ ತಲೆದೋರಬಹುದು. ತಾಯಿ ಕಚೇರಿಗೆ ಹೋಗುವುದಾಗಲಿ, ಅಜ್ಜಿ ಸಾಕುವುದಾಗಲಿ ಇದಕ್ಕೆ ಕಾರಣವಲ್ಲ. ಹೆತ್ತವರೇ ಆಗಲಿ, ದತ್ತು ಪಡೆದವರೇ ಆಗಲಿ, ಕರೆದಾಗ ಓಗೊಡುವ ನೆಚ್ಚಿನ ಜೀವವೊಂದು ಮಗುವಿಗೆ ಬೇಕು.

ಮನೆಯಲ್ಲೇ ರೋಗದ ಹೆಸರಿಡುವುದು ತರವಲ್ಲ. ಕಿವಿ ಮಂದವಾದ ಮಗುವೂ, ಆಟಿಸಂ ಇರುವ ಮಗುವೂ ಕರೆದರೆ ತಿರುಗದಿರಬಹುದು. ಅದನ್ನು ಪರೀಕ್ಷಿಸಲು ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ.

ಭರವಸೆಗೂ ಆಧಾರವುಂಟು. ರುಮೇನಿಯಾದ ಬುಕಾರೆಸ್ಟಿನಲ್ಲಿ 2000ದ ದಶಕದಲ್ಲಿ ಅನಾಥಾಲಯದ ಕೂಸುಗಳನ್ನು ಸಾಕುಮನೆಗಳಿಗೆ ಸೇರಿಸಿ ನೋಡಿದರು. ಬಾಂಧವ್ಯ ಚಿಗುರಿತು, ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಹೆಚ್ಚು. ಬಲವಂತದ ಅಪ್ಪುಗೆ ಮದ್ದಲ್ಲ. ಹೊತ್ತಿಗೆ ಸರಿಯಾದ ಊಟ, ಮಾತಿಗೆ ತಪ್ಪದ ನಡೆ, ಬೇಸರಿಸದ ತಾಳ್ಮೆ, ಇವೇ ಮದ್ದು. ಬಿದ್ದ ಮಗು ಒಂದು ದಿನ ಅಳುತ್ತ ನಿಮ್ಮ ಬಳಿಗೇ ಓಡಿಬಂದರೆ, ಆ ಅಳುವನ್ನು ಗದರಿಸಬೇಡಿ, ಅದು ಶುಭಸೂಚನೆ.