ಇಂಧನದ ಖರ್ಚಿಲ್ಲದ ಕಡವು: ಬಾಸೆಲ್ ನಗರದ ಹಗ್ಗದ ದೋಣಿಗಳು

ನೊವಾರ್ಟಿಸ್ ಹಾಗೂ ರೋಷ್ ಎಂಬ ಬೃಹತ್ ಔಷಧಿ ಕಂಪನಿಗಳ ತವರಾದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಹೆಸರು ವಾಣಿಜ್ಯ ವಲಯಕ್ಕೆ ಹೊಸದೇನಲ್ಲ. ಆ ನಗರವನ್ನು ಸೀಳಿಕೊಂಡು ಹರಿಯುವ ರೈನ್ ನದಿಯಲ್ಲಿ ಎಂಜಿನ್ ಇಲ್ಲದ ನಾಲ್ಕು ಪುಟ್ಟ ದೋಣಿಗಳು ಇಂದಿಗೂ ಜನರನ್ನು ದಡ ಸೇರಿಸುತ್ತಿವೆ ಎಂಬ ಸಂಗತಿ ಮಾತ್ರ ಅಷ್ಟು ಪ್ರಚಲಿತವಲ್ಲ.

ಇದರ ತಂತ್ರ ಸರಳವಾದುದು. ನದಿಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗವೊಂದನ್ನು ಬಿಗಿಯಲಾಗಿದೆ. ಅದರ ಮೇಲೆ ಉರುಳುವ ರಾಟೆಗೆ ಮತ್ತೊಂದು ಹಗ್ಗದಿಂದ ದೋಣಿಯನ್ನು ಕಟ್ಟಲಾಗಿರುತ್ತದೆ. ಅಂಬಿಗನು ಹಗ್ಗದ ಹಿಡಿತವನ್ನು ದೋಣಿಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸಿ ಚುಕ್ಕಾಣಿಯನ್ನು ತಿರುಗಿಸಿದೊಡನೆ ದೋಣಿ ಪ್ರವಾಹಕ್ಕೆ ಓರೆಯಾಗಿ ನಿಲ್ಲುತ್ತದೆ. ನೀರು ಅದನ್ನು ಕೆಳಗೆ ಸೆಳೆದೊಯ್ಯಲು ನೂಕುತ್ತದೆ, ಹಗ್ಗ ತಡೆದು ಹಿಡಿಯುತ್ತದೆ; ಈ ಎರಡರ ಜಗ್ಗಾಟದಲ್ಲಿ ದೋಣಿ ಪಕ್ಕಕ್ಕೆ ಸರಿದು ಕೆಲವೇ ನಿಮಿಷಗಳಲ್ಲಿ ಎದುರು ದಡ ಮುಟ್ಟುತ್ತದೆ. ಸದ್ದಿಲ್ಲ, ಹೊಗೆಯಿಲ್ಲ. ಡೀಸೆಲ್ ದರ ಏರಿದರೂ ಇಳಿದರೂ ಅಂಬಿಗನ ಲೆಕ್ಕದ ಪುಸ್ತಕಕ್ಕೆ ಅದರ ಬಿಸಿ ತಟ್ಟದು.

ಈ ಕಡವು ಆರಂಭವಾದುದು 1854ರಲ್ಲಿ. ಆಗ ನಗರದಲ್ಲಿದ್ದುದು ಹಳೆಯ ನಡು ಸೇತುವೆಯೊಂದೇ. ಕಲಾವಿದರ ಸಂಘದ ಮುಖಂಡ ಯೋಹಾನ್ ಯಾಕೋಬ್ ಇಮ್ ಹೋಫ್ ಸಂಘಕ್ಕೆ ಹಣ ಕೂಡಿಸಲೆಂದು ದೋಣಿಯನ್ನು ನಡೆಸುವ ಯೋಜನೆ ಹೂಡಿದರು. ಚಿಲ್ಲರೆ ಕಾಸಿನ ಈ ಆದಾಯದ ನೆರವಿನಿಂದಲೇ ಕಲಾ ಸಂಘವು 1872ರಲ್ಲಿ ಕುನ್ಸ್ಟ್‌ಹಾಲೆ ಎಂಬ ಪ್ರದರ್ಶನ ಭವನವನ್ನು ತೆರೆಯಿತು. ದೇಣಿಗೆ ಪಟ್ಟಿ ಹಿಡಿದು ಮನೆಮನೆ ಅಲೆಯುವುದಕ್ಕಿಂತ ಇದು ಜಾಣತನದ ಹಾದಿಯೆಂದೇ ಹೇಳಬೇಕು.

ಆದರೆ 1879ರಲ್ಲಿ ಮೊದಲ ಕಡವಿನ ಸ್ಥಳದಲ್ಲೇ ವೆಟ್‌ಸ್ಟೈನ್ ಸೇತುವೆ ತಲೆಯೆತ್ತಿತು. ದೋಣಿ ಅಲ್ಲಿಂದ ಜಾಗ ಖಾಲಿಮಾಡಬೇಕಾಯಿತು. 1882ರಲ್ಲಿ ಯೋಹಾನಿಟರ್ ಸೇತುವೆ, 1934ರಲ್ಲಿ ಡ್ರೈರೋಸನ್ ಸೇತುವೆ ಬಂದವು. ದಡ ದಾಟಲೇಬೇಕಾದ ಅನಿವಾರ್ಯ ಗಿರಾಕಿ ಹೀಗೆ ಕೈತಪ್ಪಿದರೂ ವ್ಯವಹಾರ ಮುಚ್ಚಲಿಲ್ಲ. ಸೇತುವೆಗಳ ನಡುವಣ ಅಂತರದಲ್ಲಿ ದೋಣಿಗಳು ಉಳಿದುಕೊಂಡವು. ಹತ್ತಿರದ ದಾರಿಗಿಂತಲೂ ನೀರಿನ ಮೇಲಿನ ಆ ಕೆಲವು ನಿಮಿಷಗಳಿಗಾಗಿಯೇ ಜನ ಹಣ ತೆರಲಾರಂಭಿಸಿದರು. ಖಾಸಗಿ ಔತಣಗಳಿಗೆ ದೋಣಿಯನ್ನು ಬಾಡಿಗೆಗೆ ಕೊಡುವ ಪದ್ಧತಿಯೂ ಇದೆ.

ಇಂದು ದೋಣಿಗಳ ಒಡೆತನ ಒಂದು ಪ್ರತಿಷ್ಠಾನದ್ದು. ಅಂಬಿಗರು ಸಂಬಳದ ನೌಕರರಲ್ಲ, ಗುತ್ತಿಗೆ ಹಿಡಿದ ಸ್ವತಂತ್ರ ಉದ್ಯಮಿಗಳು. 1974ರಲ್ಲಿ ಸ್ಥಾಪನೆಗೊಂಡ ಅಭಿಮಾನಿಗಳ ಸಂಘವೊಂದು ದೋಣಿಗಳಿಗೆ ಬೆಂಬಲವಾಗಿ ನಿಂತಿದೆ. ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶ ಇಲ್ಲಿದೆ: ಇಂಧನದ ಖರ್ಚಿಲ್ಲವೆಂದ ಮಾತ್ರಕ್ಕೆ ನಷ್ಟದ ಭಯ ತಪ್ಪಿಲ್ಲ. ಪ್ರಯಾಣ ದರ ಸುಮಾರು 2 ಫ್ರಾಂಕ್ ಮಾತ್ರ. ಚಳಿಗಾಲದಲ್ಲಿ ಸೇವೆಯ ಸಮಯ ಮೊಟಕಾಗುತ್ತದೆ, ಪ್ರಯಾಣಿಕರೂ ವಿರಳ. ನದಿಯಲ್ಲಿ ನೆರೆ ಬಂದರೆ ದೋಣಿಯನ್ನು ಕಟ್ಟಿಹಾಕಬೇಕು. ಆ ದಿನದ ಸಂಪಾದನೆ ಹೋಯಿತೆಂದೇ ಲೆಕ್ಕ. ನೀರು ತೀರ ಇಳಿದರೂ ಕಷ್ಟವೇ: ಸೆಳೆತ ಕುಗ್ಗಿ ದೋಣಿ ತೆವಳುತ್ತದೆ, ದಿನದ ಸರದಿಗಳು ಕಡಿಮೆಯಾಗುತ್ತವೆ.