ಮೊಬೈಲಿನಲ್ಲಿ ಹಾಲಿನ ಲೆಕ್ಕ ತಡವಾಗಿ ಕಾಣುವುದೇಕೆ?



ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದ ಸಂಘಗಳಿಗೆ ಭೇಟಿ ಕೊಟ್ಟಾಗ ಮೊದಲೆಲ್ಲ ಸದಸ್ಯರು ಕೇಳುತ್ತಿದ್ದುದು ಕೆಚ್ಚಲು ಬಾವು, ಬೆದೆಗೆ ಬಾರದ ಎಮ್ಮೆ, ಬೇಸಿಗೆಯ ಮೇವು, ಇಂಥವನ್ನೇ. ಈಗ ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. “ಡಾಕ್ಟರ್ ಸಾಹೇಬ್ರ, ಮುಂಜಾನೆ ಆರು ಲೀಟರ್ ಹಾಲು ಹಾಕೇನ್ರಿ. ಮೊಬೈಲ್‌ನ್ಯಾಗ ನೋಡಿದ್ರ ಸೊನ್ನೆ ತೋರಸ್ತೈತಿ. ನನ್ನ ಹಾಲು ಎಲ್ಲಿ ಹೋತ್ರಿ?”

ಇದು ಪಶುವೈದ್ಯರ ವಿಷಯವಲ್ಲ ಎಂದು ಸುಮ್ಮನಿರಬಹುದಿತ್ತು. ಆದರೆ ಆ ಒಂದು ಸೊನ್ನೆಯಿಂದ ಸದಸ್ಯರಿಗೂ ಕಾರ್ಯದರ್ಶಿಗೂ ಮಾತಿಗೆ ಮಾತು ಬೆಳೆದು, ಮರುದಿನದಿಂದ ಹಾಲು ಖಾಸಗಿಯವರ ಕ್ಯಾನಿಗೆ ಹೋಗುವುದುಂಟು. ಅಂಥದೇ ಖಾಲಿ ಪರದೆಯನ್ನು ನಂಬಿ ಒಂದೇ ಆಕಳನ್ನು ಎರಡು ಸಲ ನೋಂದಾಯಿಸಿದರೆ ನಾಳೆ ವಿಮೆ ಹಣ ಕೇಳುವಾಗ ತೊಡಕಾಗುತ್ತದೆ. ಆದ್ದರಿಂದ ಪರದೆಯ ಮೇಲೆ ಅಂಕಿ ಬರುವ ಬಗೆಯನ್ನು ತಿಳಿದಿರುವುದು ಒಳ್ಳೆಯದು. ಮೊದಲೇ ಹೇಳಿಬಿಡುತ್ತೇನೆ: ‘ಇಲ್ಲ’ ಎಂಬುದು ಬೇರೆ, ‘ಇನ್ನೂ ಬಂದಿಲ್ಲ’ ಎಂಬುದು ಬೇರೆ. ಇವೆರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ.

ಗರ್ಬರ್ ಪರೀಕ್ಷೆಯ ಕಾಲ

ಹಿರಿಯ ಸದಸ್ಯರಿಗೆ ಗರ್ಬರ್ ಪರೀಕ್ಷೆ ನೆನಪಿರಬಹುದು. ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಕೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ, ಯಂತ್ರದಲ್ಲಿ ಗರಗರ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟು ಜಿಡ್ಡಿನ ಗೆರೆಯನ್ನು ಓದಬೇಕಿತ್ತು. ಒಬ್ಬೊಬ್ಬರ ಹಾಲಿಗೂ ಇಷ್ಟೆಲ್ಲ ಆಗುವ ತನಕ ಸರದಿಯನ್ನು ನಿಲ್ಲಿಸಿದರೆ ಹಾಲು ಕೆಟ್ಟೇ ಹೋಗುತ್ತಿತ್ತು. ಅದಕ್ಕಾಗಿ ಹಾಲನ್ನು ಅಳೆದುಕೊಂಡು, ಸದಸ್ಯರ ನಂಬರು ಹಾಕಿದ ಬಾಟಲಿಗೆ ಮಾದರಿ ತೆಗೆದು ಪಕ್ಕಕ್ಕಿಡುತ್ತಿದ್ದರು. ಸದಸ್ಯರು ಹೊಲಕ್ಕೆ ಹೋಗುತ್ತಿದ್ದರು. ಪರೀಕ್ಷೆ ಆಮೇಲೆ ನಡೆಯುತ್ತಿತ್ತು.

ಆ ರಜಿಸ್ಟರನ್ನು ನೆನಪಿಸಿಕೊಳ್ಳಿರಿ. ಲೀಟರಿನ ಮನೆ ತುಂಬಿರುತ್ತಿತ್ತು, ಜಿಡ್ಡಿನ ಮನೆ ಖಾಲಿ ಇರುತ್ತಿತ್ತು. ಪರೀಕ್ಷೆ ಆಗಿಲ್ಲವೆಂದು ಅಲ್ಲಿ ಯಾರೂ ಸೊನ್ನೆ ಬರೆಯುತ್ತಿರಲಿಲ್ಲ. ಮಾದರಿ ಕೆಟ್ಟಿದ್ದರೆ ‘ಕೆಟ್ಟಿದೆ’ ಎಂದೇ ಷರಾ ಬರೆಯುತ್ತಿದ್ದರು. ಕೇಳಿದ್ದು ಒಂದು ಹೊತ್ತಿಗೆ, ಉತ್ತರ ಇನ್ನೊಂದು ಹೊತ್ತಿಗೆ, ನಡುವೆ ಬೇರೆ ಕೆಲಸ ನಡೆಯುತ್ತಲೇ ಇರಬೇಕು. ಇಂದಿನ ಮೊಬೈಲ್ ಪರದೆಯೂ ಇದೇ ಕ್ರಮದಲ್ಲಿ ಕೆಲಸ ಮಾಡುತ್ತದೆ.

ಅಂಕಿ ಬರುವ ದಾರಿ

ಸಂಘದ ತೂಕದ ಯಂತ್ರ, ಹಾಲು ಪರೀಕ್ಷಾ ಯಂತ್ರ ಎರಡೂ ಅಲ್ಲಿನ ಕಂಪ್ಯೂಟರಿಗೆ ಅಂಕಿ ಕೊಡುತ್ತವೆ. ಚೀಟಿ ಅಲ್ಲೇ ಮುದ್ರಣವಾಗುತ್ತದೆ. ಆ ಅಂಕಿಗಳು ಇಂಟರ್ನೆಟ್ ಮೂಲಕ ದೂರದ ಸರ್ವರ್ ಎಂಬ ದೊಡ್ಡ ಕಂಪ್ಯೂಟರಿಗೆ ಹೋಗುತ್ತವೆ. ಕೆಲವು ಕಡೆ ಪ್ರತಿ ಚೀಟಿಯ ಜೊತೆಗೇ ಹೋಗಬಹುದು, ಕೆಲವು ಕಡೆ ಹೊತ್ತು ಮುಗಿದ ಮೇಲೆ ಒಟ್ಟಾಗಿ ಹೋಗಬಹುದು. ತಾವು ಮೊಬೈಲಿನಲ್ಲಿ ಆ್ಯಪ್ ತೆರೆದಾಗ ಅದು ಸಂಘದ ಯಂತ್ರವನ್ನು ಕೇಳುವುದಿಲ್ಲ, ಸರ್ವರನ್ನು ಕೇಳುತ್ತದೆ.

ಆದ್ದರಿಂದ ಇಲ್ಲಿ ಕಾಯುವ ಕೆಲಸ ಎರಡು ಕಡೆ ಇದೆ. ಸಂಘದಿಂದ ಸರ್ವರಿಗೆ ಅಂಕಿ ಮುಟ್ಟುವುದು ಒಂದು. ಕರೆಂಟು ಹೋದರೆ, ನೆಟ್‌ವರ್ಕ್ ಇಲ್ಲದಿದ್ದರೆ ಇದಕ್ಕೆ ತಾಸುಗಟ್ಟಲೆ ಹಿಡಿಯಬಹುದು. ಸರ್ವರಿನಿಂದ ತಮ್ಮ ಮೊಬೈಲಿಗೆ ಬರುವುದು ಇನ್ನೊಂದು. ಇದು ಸಾಮಾನ್ಯವಾಗಿ ಕೆಲವು ಸೆಕೆಂಡುಗಳ ಮಾತು. ಪರದೆಯ ಮೇಲೆ ಗಿರಗಿರನೆ ತಿರುಗುವ ಚಕ್ರ ಈ ಎರಡನೆಯದಕ್ಕೆ ಮಾತ್ರ ಸಂಬಂಧಿಸಿದ್ದು. ಚಕ್ರ ನಿಂತಿತು ಎಂದರೆ ಸರ್ವರು ಉತ್ತರ ಕೊಟ್ಟಿತು ಎಂದಷ್ಟೇ ಅರ್ಥ. ಸಂಘದಿಂದ ಅಂಕಿಯೇ ಮುಟ್ಟಿಲ್ಲದಿದ್ದರೆ ‘ನನ್ನ ಬಳಿ ಈ ಹೊತ್ತಿನ ದಾಖಲೆ ಇಲ್ಲ’ ಎಂದು ಸರ್ವರು ಹೇಳುತ್ತದೆ. ಅದು ನಿಜವೇ. ಅದನ್ನು ಪರದೆಯವರು ‘0’ ಎಂದು ತೋರಿಸಿದರೆ ಸುಳ್ಳಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಪರದೆ ತಯಾರಿಸಿದವರ ಅಲಕ್ಷ್ಯ. ಕಾರ್ಯದರ್ಶಿಯ ಮೋಸ ಎಂದು ಇದಕ್ಕೆ ಹೆಸರಿಡುವುದು ಸರಿಯಲ್ಲ.

ಮೊದಲಿನ ಇಂಟರ್ನೆಟ್ ಪುಟಗಳಲ್ಲಿ ಒಂದು ಅಂಕಿ ಬದಲಾಗಬೇಕಾದರೂ ಇಡೀ ಪುಟವನ್ನು ಮತ್ತೆ ತರಿಸಬೇಕಿತ್ತು. ಅದು ಬರುವ ತನಕ ಪರದೆ ಬೆಳ್ಳಗೆ ನಿಂತಿರುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ, ಪುಟ ಇದ್ದಂತೆಯೇ ಇದ್ದು ಅಂಕಿಗಳನ್ನಷ್ಟೇ ಹಿಂದಿನಿಂದ ತರಿಸುವ ಅನುಕೂಲ ಬಂದಿತು. 2004ರಲ್ಲಿ ಜಿಮೇಲ್, 2005ರಲ್ಲಿ ಗೂಗಲ್ ನಕ್ಷೆ ಇದೇ ರೀತಿಯಲ್ಲಿ ಬಂದ ಮೇಲೆ ಈ ಪದ್ಧತಿ ಎಲ್ಲೆಡೆ ಹರಡಿತು. ಅದಕ್ಕೇ ಈಗ ಆ್ಯಪ್ ತೆರೆದ ಕೂಡಲೇ ತಮ್ಮ ಹೆಸರು, ತಾರೀಖು, ಖಾಲಿ ಮನೆಗಳು ಮೊದಲು ಕಾಣುತ್ತವೆ. ಲೀಟರು, ಜಿಡ್ಡು, ಎಸ್‌ಎನ್‌ಎಫ್, ದರ ಆಮೇಲೆ ಬಂದು ಕೂಡುತ್ತವೆ.

ಪರದೆಗೆ ಮೂರು ಸ್ಥಿತಿ

ಇಂಥ ಪುಟಗಳನ್ನು ಬರೆಯುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ 2015ರಿಂದ ‘ಪ್ರಾಮಿಸ್’ ಎಂಬ ಒಂದು ಏರ್ಪಾಡಿದೆ. ಪ್ರಾಮಿಸ್ ಎಂದರೆ ವಚನ. ಅಂಕಿ ಕೇಳಿದ ಕೂಡಲೇ ಪುಟದ ಕೈಗೆ ಅಂಕಿ ಸಿಗುವುದಿಲ್ಲ, ‘ಉತ್ತರ ಕೊಡುತ್ತೇನೆ’ ಎಂಬ ವಚನ ಸಿಗುತ್ತದೆ. ಈ ವಚನಕ್ಕೆ ಮೂರೇ ಸ್ಥಿತಿ: ಕಾಯುತ್ತಿದೆ, ಈಡೇರಿತು, ಕೈಕೊಟ್ಟಿತು.

ಆಕಳಿಗೆ ಕೃತಕ ಗರ್ಭಧಾರಣೆ ಮಾಡಿಸಿದ್ದನ್ನು ಇದಕ್ಕೆ ಹೋಲಿಸಬಹುದು. ಮಾಡಿಸಿದ ಎರಡನೇ ದಿನ ‘ಗಬ್ಬ ನಿಂತಿಲ್ಲ’ ಎಂದು ಯಾರೂ ಬರೆಯುವುದಿಲ್ಲ. 21ನೇ ದಿನದ ಆಸುಪಾಸು ಮತ್ತೆ ಬೆದೆಗೆ ಬರುತ್ತದೆಯೋ ಎಂದು ನೋಡುತ್ತೇವೆ, ಮೂರು ತಿಂಗಳ ಹೊತ್ತಿಗೆ ಕೈಯಿಂದ ಪರೀಕ್ಷಿಸಿ ಖಚಿತ ಮಾಡುತ್ತೇವೆ. ಅಲ್ಲಿಯ ತನಕ ಆ ಆಕಳು ಗಬ್ಬವೂ ಅಲ್ಲ, ಖಾಲಿಯೂ ಅಲ್ಲ, ಕಾಯುವ ಆಕಳು. ಅದಕ್ಕೆ ದಾಖಲೆಯಲ್ಲಿ ಬೇರೆಯೇ ಒಂದು ಮನೆ ಬೇಕು.

ಒಳ್ಳೆಯ ಆ್ಯಪ್ ಆದರೆ ಕಾಯುವಾಗ ‘ಬರುತ್ತಿದೆ’ ಎನ್ನಬೇಕು. ಕೈಕೊಟ್ಟಾಗ ‘ಮಾಹಿತಿ ತರಲು ಆಗಲಿಲ್ಲ, ಮತ್ತೆ ಪ್ರಯತ್ನಿಸಿರಿ’ ಎನ್ನಬೇಕು. ಸರ್ವರಿಗೆ ಅಂಕಿ ಮುಟ್ಟಿಲ್ಲದಿದ್ದರೆ ‘ಸಂಘದಿಂದ ಈ ಹೊತ್ತಿನ ಲೆಕ್ಕ ಇನ್ನೂ ಬಂದಿಲ್ಲ’ ಎನ್ನಬೇಕು. ನಿಜವಾಗಿ ಹಾಲು ಹಾಕದ ದಿನ ಮಾತ್ರ ಸೊನ್ನೆ. ತಮ್ಮ ಕಡೆಯ ಆ್ಯಪ್ ಎಲ್ಲದಕ್ಕೂ ಸೊನ್ನೆಯನ್ನೇ ತೋರಿಸುತ್ತಿದ್ದರೆ ಸಂಘದ ವಾರ್ಷಿಕ ಸಭೆಯಲ್ಲಿ ಈ ಮಾತನ್ನು ಎತ್ತಿರಿ, ಠರಾವು ಮಾಡಿ ಕಳಿಸಿರಿ. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇರುವುದು ನಮ್ಮ ಗದಗ ತಾಲೂಕಿನಲ್ಲಿಯೇ. ಲೆಕ್ಕ ಸರಿಯಾಗಿ ತೋರಿಸಿರಿ ಎಂದು ಕೇಳಲು ಈ ಜಿಲ್ಲೆಯ ಸದಸ್ಯರು ಸಂಕೋಚಪಡಬೇಕಾಗಿಲ್ಲ.

ಹಿಂದಿನ ಉತ್ತರ ಮುಂದೆ ಬಂದರೆ

ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ತಾವು ಮೊದಲು 1ರಿಂದ 10ನೇ ತಾರೀಖಿನ ಲೆಕ್ಕ ಒತ್ತಿದಿರಿ. ತಡವಾಯಿತೆಂದು ಕೂಡಲೇ 11ರಿಂದ 20ನ್ನು ಒತ್ತಿದಿರಿ. ಎರಡನೇ ಪ್ರಶ್ನೆಗೆ ಉತ್ತರ ಬೇಗ ಬಂದು, ಮೊದಲನೆಯದರ ಉತ್ತರ ಆಮೇಲೆ ಬರುವುದುಂಟು. ಎಚ್ಚರವಿಲ್ಲದೆ ಬರೆದ ಪುಟವಾದರೆ ಕೊನೆಗೆ ಬಂದುದನ್ನೇ ಪರದೆಗೆ ಹಾಕಿಬಿಡುತ್ತದೆ. ಆಗ ಮೇಲಿನ ತಲೆಬರಹ 11ರಿಂದ 20, ಕೆಳಗಿನ ಅಂಕಿಗಳು 1ರಿಂದ 10ರವು! ಗರ್ಬರ್ ಕಾಲದಲ್ಲಿ ಬಾಟಲಿಯ ನಂಬರು ಅಳಿಸಿ ಹೋದರೆ ಒಬ್ಬರ ಜಿಡ್ಡು ಇನ್ನೊಬ್ಬರ ಹೆಸರಿಗೆ ಬೀಳುವ ಭಯವಿತ್ತಲ್ಲ, ಅದೇ ಇದು. ಔಷಧವೂ ಅದೇ: ಪ್ರತಿ ಪ್ರಶ್ನೆಗೂ ಒಂದು ನಂಬರು ಕಟ್ಟಿ, ಹಳೆಯ ಪ್ರಶ್ನೆಯ ಉತ್ತರ ಬಂದರೆ ಬಿಸಾಡುವಂತೆ ಪುಟವನ್ನು ಬರೆಯಬೇಕು. ಸದಸ್ಯರು ಮಾಡಬೇಕಾದ್ದು ಇಷ್ಟೆ: ಒಂದನ್ನು ಒತ್ತಿದ ಮೇಲೆ ಸ್ವಲ್ಪ ತಡೆಯಿರಿ, ಮತ್ತು ಪ್ರತಿ ಸಾಲಿನ ತಾರೀಖನ್ನು ಓದಿಯೇ ಅಂಕಿಯನ್ನು ಓದಿರಿ.

ಕೆಲವು ಆ್ಯಪ್‌ಗಳು ಹೊಸ ಉತ್ತರ ಬರುವ ತನಕ ಮೊಬೈಲಿನಲ್ಲಿ ಉಳಿದಿರುವ ನಿನ್ನೆಯ ಲೆಕ್ಕವನ್ನು ತೋರಿಸುತ್ತವೆ. ಕಪ್ಪತಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಕಡೆ ಇದು ಉಪಯುಕ್ತವೇ. ಆದರೆ ‘ಕೊನೆಯ ಬಾರಿ ಮಾಹಿತಿ ಬಂದ ಸಮಯ’ ಬರೆದಿಲ್ಲದಿದ್ದರೆ ಅದು ಇಂದಿನದೋ ನಿನ್ನೆಯದೋ ತಿಳಿಯುವುದಿಲ್ಲ.

ಕೇಳುವುದು ಬೇರೆ, ಕೊಡುವುದು ಬೇರೆ

ಲೆಕ್ಕ ನೋಡುವುದೆಂದರೆ ಸರ್ವರನ್ನು ಕೇಳುವುದು. ಹತ್ತು ಸಲ ಕೇಳಿದರೂ ಲೆಕ್ಕ ಹೆಚ್ಚುಕಡಿಮೆಯಾಗುವುದಿಲ್ಲ. ಆದರೆ ಹೊಸ ದಾಖಲೆ ಸೇರಿಸುವುದು, ಅರ್ಜಿ ಹಾಕುವುದು, ಹಣ ಕಳಿಸುವುದು, ಇವೆಲ್ಲ ಸರ್ವರಿಗೆ ಏನನ್ನೋ ಕೊಡುವ ಕೆಲಸ. ಇಲ್ಲಿ ‘ಆಗಲಿಲ್ಲ’ ಎಂದು ಬಂದರೂ, ಚಕ್ರ ತಿರುಗುತ್ತಲೇ ಇದ್ದರೂ, ಕೆಲಸ ಆಗಿಲ್ಲವೆಂದು ತಿಳಿಯಬಾರದು. ತಮ್ಮ ದಾಖಲೆ ಸರ್ವರಿಗೆ ಮುಟ್ಟಿ, ‘ಮುಟ್ಟಿತು’ ಎಂಬ ಉತ್ತರ ಮಾತ್ರ ದಾರಿಯಲ್ಲಿ ತಪ್ಪಿರಬಹುದು. ರಿಜಿಸ್ಟರ್ಡ್ ಟಪಾಲು ಮುಟ್ಟಿದ್ದರೂ ಸ್ವೀಕೃತಿ ಕಾರ್ಡು ಹಿಂದಕ್ಕೆ ಬಾರದಂತೆ. ಮತ್ತೆ ಒತ್ತಿದರೆ ಎರಡು ದಾಖಲೆಗಳಾಗಬಹುದು.

ನಮ್ಮ ಇಲಾಖೆಯ ಕೆಲಸದಲ್ಲಿ ಇದರ ಪೆಟ್ಟು ಬೀಳುವುದು ಕಿವಿಯೋಲೆಯ ಮೇಲೆ. ಪ್ರತಿ ಜಾನುವಾರಿನ ಕಿವಿಯೋಲೆಯ ಮೇಲೆ 12 ಅಂಕಿಗಳ ಸಂಖ್ಯೆ ಇರುತ್ತದೆ. ಭಾರತ್ ಪಶುಧನ್ ತಂತ್ರಾಂಶದಲ್ಲಿ ಆ ಸಂಖ್ಯೆಯ ಕೆಳಗೆ ಮಾಲೀಕರ ಹೆಸರು, ಗರ್ಭಧಾರಣೆ, ಲಸಿಕೆ ಎಲ್ಲವೂ ಸೇರುತ್ತವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಕಾಲುಬಾಯಿ ಲಸಿಕೆಯನ್ನೂ ಇದರಲ್ಲಿಯೇ ದಾಖಲು ಮಾಡುತ್ತಾರೆ. ದನದ ಕೊಟ್ಟಿಗೆಯಲ್ಲಿ ನಿಂತು ಸಂಖ್ಯೆ ಹಾಕಿ ಹುಡುಕಿದಾಗ ಸಿಗ್ನಲ್ ಇಲ್ಲದೆ ಪರದೆ ಖಾಲಿ ಬಂದಿತೆನ್ನಿ. ‘ಈ ಆಕಳ ದಾಖಲೆಯೇ ಇಲ್ಲ, ಹೊಸ ಓಲೆ ಹಾಕಿಬಿಡೋಣ’ ಎಂದರೆ ಒಂದು ಆಕಳು ಕಂಪ್ಯೂಟರಿನಲ್ಲಿ ಎರಡಾಗುತ್ತದೆ. ಲಸಿಕೆ ಒಂದು ಸಂಖ್ಯೆಗೆ, ಗರ್ಭಧಾರಣೆ ಇನ್ನೊಂದಕ್ಕೆ. ವಿಮಾ ಪಾಲಿಸಿಯಲ್ಲಿ ಹಳೆಯ ಸಂಖ್ಯೆ, ಸತ್ತ ಆಕಳ ಕಿವಿಯಲ್ಲಿ ಹೊಸದು. ಆಗ ವಿಮಾ ಕಂಪನಿಯವರಿಗೆ ‘ಇದು ಅದೇ ಆಕಳು’ ಎಂದು ತೋರಿಸಿಕೊಡುವುದು ಬಹಳ ಕಷ್ಟ. ಹೈನದ ಮೇಲೆಯೇ ಮನೆ ನಡೆಸುವವರಿಗೆ ಇದು ಸಣ್ಣ ನಷ್ಟವಲ್ಲ.

ಆದ್ದರಿಂದ ಪರದೆ ಖಾಲಿ ಬಂದರೆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು, ಸಿಗ್ನಲ್ ಸಿಗುವ ಕಡೆ ಮತ್ತೊಮ್ಮೆ ಹುಡುಕುವಂತೆ ಸಿಬ್ಬಂದಿಯವರಿಗೆ ಹೇಳಿರಿ. ಓಲೆ ನಿಜವಾಗಿಯೇ ಕಳಚಿ ಬಿದ್ದಿದ್ದರೆ ಹಳೆಯ ಸಂಖ್ಯೆಯನ್ನು ತಿಳಿಸಿ, ಅದೇ ದಾಖಲೆಯಲ್ಲಿ ಓಲೆ ಬದಲಾವಣೆ ಮಾಡಿಸಿಕೊಳ್ಳಿರಿ. ವಿಮಾ ಕಂಪನಿಗೂ ಬರೆದು ತಿಳಿಸಿರಿ. ಹಳೆಯ ಸಂಖ್ಯೆ ನೆನಪಿರುವುದಿಲ್ಲ ಎನ್ನುವವರು ಇಂದೇ ಗೋದಲಿಗೆ ಹೋಗಿ, ಪ್ರತಿ ಆಕಳು ಎಮ್ಮೆಯ ಸಂಖ್ಯೆಯನ್ನು ಹಾಲಿನ ಪಾಸ್‌ಬುಕ್ಕಿನ ಹಿಂದೆ ಬರೆದಿಡಿರಿ.

ಚೀಟಿ ಬಿಸಾಡಬೇಡಿರಿ

ಸಂಘದಲ್ಲಿ ಕೊಡುವ ಚೀಟಿ ಯಾವ ನೆಟ್‌ವರ್ಕಿಗೂ ಕಾಯುವುದಿಲ್ಲ. ಹಾಲು ಹಾಕಿದ ಹೊತ್ತಿಗೇ ಅದು ಕೈಗೆ ಬರುತ್ತದೆ. ಬಟವಾಡೆ ಆಗುವ ತನಕ ಅದನ್ನು ಇಟ್ಟುಕೊಳ್ಳಿರಿ. ಆ ಚೀಟಿಯ ಶಾಯಿ ಬಿಸಿಲಿಗೆ, ಬೆವರಿಗೆ ಮಾಸುತ್ತದೆ. ಅಂಗಿ ಕಿಸೆಯಲ್ಲಿ ಬಿಡದೆ ಒಂದು ಡಬ್ಬಿಗೆ ಹಾಕಿಡಿರಿ. ಮೊಬೈಲಿನ ಲೆಕ್ಕ ಒಂದು ದಿನ ಕಳೆದರೂ ಚೀಟಿಗೆ ಹೊಂದದಿದ್ದರೆ ಚೀಟಿ ಹಿಡಿದುಕೊಂಡು ಕಾರ್ಯದರ್ಶಿಯವರನ್ನು ಕಾಣಿರಿ. ಸಂಘದ ಕಂಪ್ಯೂಟರಿನಲ್ಲಿ ಆ ಹೊತ್ತಿನ ದಾಖಲೆ ಇದೆಯೇ ಎಂದು ಮೊದಲು ಕೇಳಿರಿ. ಅಲ್ಲಿ ಇದ್ದರೆ ತಡ ದಾರಿಯಲ್ಲಿ ಆಗಿದೆ. ಅಲ್ಲಿಯೂ ಇಲ್ಲದಿದ್ದರೆ ಅದು ನಿಜವಾದ ತಕರಾರು, ಬರವಣಿಗೆಯಲ್ಲಿಯೇ ಕೊಡಿರಿ.

ರಾಜ್ಯ ಸರ್ಕಾರದ ಪ್ರೋತ್ಸಾಹಧನದ ದಾರಿ ಇದಕ್ಕಿಂತ ಬೇರೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭವಾದ ಇದು ಆಮೇಲೆ 5 ರೂಪಾಯಿಗೆ ಏರಿತು. ಕ್ಷೀರಸಿರಿ ತಂತ್ರಾಂಶದ ಮೂಲಕ ಲೆಕ್ಕ ಹೋಗಿ ನೇರವಾಗಿ ಬ್ಯಾಂಕ್ ಖಾತೆಗೆ ಜಮಾ ಆಗುತ್ತದೆ. ಹಾಲಿನ ಬಟವಾಡೆ ಬಂದ ದಿನವೇ ಇದೂ ಬರಬೇಕೆಂದಿಲ್ಲ. ಇಂಥ ತಡವನ್ನೇ ನೋಡಿಕೊಂಡು ‘ನಿಮ್ಮ ಹಣ ತಡೆದಿದೆ, ಒಟಿಪಿ ಹೇಳಿರಿ’ ಎಂದು ಫೋನು ಮಾಡುವವರಿದ್ದಾರೆ. ಹಣ ಬರಲು ಒಟಿಪಿ ಬೇಕಾಗಿಲ್ಲ. ಯಾರಿಗೂ ಹೇಳಬೇಡಿರಿ.

ಆಕಳ ಹೊಟ್ಟೆ ಉಬ್ಬರಿಸಿದಾಗ, ಕರು ಅಡ್ಡ ಸಿಕ್ಕಾಗ ಮಾತ್ರ ಯಾವ ಆ್ಯಪ್ ತೆರೆದುಕೊಂಡೂ ಚಕ್ರ ನೋಡುತ್ತ ಕೂಡ್ರಬೇಡಿರಿ. ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಫೋನು ಮಾಡಿರಿ. ಊರಿನ ಹೆಸರು, ತಾಲೂಕು, ಜಾನುವಾರಿಗೆ ಆಗಿರುವ ತೊಂದರೆ ಇಷ್ಟನ್ನು ಮೊದಲು ಹೇಳಿರಿ; ಕಿವಿಯೋಲೆಯ ಸಂಖ್ಯೆಯನ್ನು ವಾಹನ ಬಂದ ಮೇಲೆ ಕೊಟ್ಟರೂ ನಡೆಯುತ್ತದೆ.