ನಿಮಗಿದು ಗೊತ್ತೇ? ಯಾದವಗಿರಿಯ ಜಾವಾ, ಬ್ರೇಕಿಲ್ಲದ ಜಾವಾ

ಬ್ರೇಕೇ ಇಲ್ಲದ ಮೋಟಾರ್‌ಸೈಕಲ್ ಇರುತ್ತದೆಯೇ? ಇರುತ್ತದೆ. ಸ್ಪೀಡ್‌ವೇ ಎಂಬ ರೇಸಿನ ಗಾಡಿಗೆ ಮುಂದೆಯೂ ಬ್ರೇಕಿಲ್ಲ, ಹಿಂದೆಯೂ ಇಲ್ಲ. ಇರುವುದು ಒಂದೇ ಗೇರು, 500 ಸಿಸಿ ಎಂಜಿನ್ನು, ಟ್ಯಾಂಕಿನಲ್ಲಿ ಪೆಟ್ರೋಲಿನ ಬದಲು ಮೆಥನಾಲ್. ಈ ವಿಚಿತ್ರ ಗಾಡಿಗಳಲ್ಲಿ ದಶಕಗಟ್ಟಲೆ ಮೆರೆದ ಹೆಸರು ಮಾತ್ರ ಮೈಸೂರಿನವರಿಗೆ ಮನೆಮಗನಷ್ಟೇ ಪರಿಚಿತ: ಜಾವಾ!

ಸ್ಪೀಡ್‌ವೇ ರೇಸು ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲೇ ಮುಗಿದುಹೋಗುತ್ತದೆ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕು, ನಾಲ್ವರು ಸವಾರರು, ನಾಲ್ಕೇ ಸುತ್ತು. ಗೆದ್ದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಸುತ್ತುವುದು ಯಾವತ್ತೂ ಎಡಕ್ಕೇ. ಸವಾರ ಎಡಗಾಲಿನ ಬೂಟಿಗೆ ಉಕ್ಕಿನ ಅಟ್ಟೆ ಕಟ್ಟಿಕೊಂಡಿರುತ್ತಾನೆ. ತಿರುವು ಬಂತೆಂದರೆ ಆ ಕಾಲನ್ನು ನೆಲಕ್ಕೆ ಊರಿ, ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸುತ್ತಾನೆ. ಆಗ ಗಾಡಿ ಎಡಕ್ಕೆ ಹೊರಳುತ್ತಿದ್ದರೆ ಮುಂದಿನ ಚಕ್ರ ಬಲಕ್ಕೆ ಮುಖ ಮಾಡಿರುತ್ತದೆ! ಅವನ ಮಣಿಕಟ್ಟಿಗೂ ಎಂಜಿನ್ ಸ್ವಿಚ್ಚಿಗೂ ನಡುವೆ ಒಂದು ದಾರ. ಸವಾರ ಬಿದ್ದರೆ ದಾರ ಕಿತ್ತುಬಂದು ಎಂಜಿನ್ ಆಫ್ ಆಗುತ್ತದೆ.

ಈ ಆಟ ಹೆಸರು ಮಾಡಿದ್ದು ಆಸ್ಟ್ರೇಲಿಯಾದ ವೆಸ್ಟ್ ಮೈಟ್‌ಲ್ಯಾಂಡ್ ಎಂಬ ಊರಿನಲ್ಲಿ, 1923ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದದ್ದು 1936ರಲ್ಲಿ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ.

ವೆಂಬ್ಲಿ ಎಂದರೆ ನಮಗೆಲ್ಲ ಫುಟ್‌ಬಾಲ್. ಆದರೆ ಅಲ್ಲಿ 'ವೆಂಬ್ಲಿ ಲಯನ್ಸ್' ಎಂಬ ಸ್ಪೀಡ್‌ವೇ ತಂಡವೂ ಇತ್ತು. ಯುದ್ಧ ಮುಗಿದ ಮೇಲೆ 1946, 1947, ಆಮೇಲೆ 1949ರಿಂದ 1953ರವರೆಗೆ ಸತತ ಐದು ವರ್ಷ, ಹೀಗೆ ಏಳು ಸಲ ಲೀಗ್ ಗೆದ್ದ ತಂಡವದು. 1949ರಲ್ಲಿ ಟಾಮಿ ಪ್ರೈಸ್, 1950 ಮತ್ತು 1953ರಲ್ಲಿ ಫ್ರೆಡ್ ವಿಲಿಯಮ್ಸ್ ವಿಶ್ವ ಚಾಂಪಿಯನ್ ಆದರು. ಇಬ್ಬರೂ ಲಯನ್ಸ್ ಸವಾರರೇ. ಇಂಥ ತಂಡ ಸೋತು ಸುಣ್ಣವಾಗಿ ಮುಚ್ಚಿದ್ದಲ್ಲ. ಅದಕ್ಕೆ ಬೆನ್ನೆಲುಬಾಗಿದ್ದ ಕ್ರೀಡಾಂಗಣದ ಒಡೆಯ ಆರ್ಥರ್ ಎಲ್ವಿನ್ 1957ರ ಆರಂಭದಲ್ಲಿ ತೀರಿಕೊಂಡರು, ತಂಡವೂ ಅಲ್ಲಿಗೇ ನಿಂತಿತು. 1970ರಲ್ಲಿ ಮತ್ತೆ ಕಣ್ಣುಬಿಟ್ಟು, ಎರಡೇ ವರ್ಷಕ್ಕೆ ಕಣ್ಣುಮುಚ್ಚಿತು. ಒಬ್ಬರ ಉತ್ಸಾಹದ ಮೇಲೆ ನಿಂತ ತಂಡಗಳ ಪಾಡು ನಮ್ಮ ಊರಿನ ಕ್ರಿಕೆಟ್ ಕ್ಲಬ್ಬುಗಳಲ್ಲೂ ಇಷ್ಟೇ ಅಲ್ಲವೇ?

ಆ ಕಾಲದ ಸ್ಪೀಡ್‌ವೇ ಗಾಡಿಗಳಲ್ಲಿ ಇಂಗ್ಲೆಂಡಿನ 'ಜಾಪ್' ಎಂಜಿನ್ನಿನದೇ ಕಾರುಬಾರು. ಅದನ್ನು ಮೂಲೆಗೆ ತಳ್ಳಿದ್ದು ಜೆಕೊಸ್ಲೊವಾಕಿಯಾದ ಡಿವಿಶೋವ್ ಎಂಬ ಪುಟ್ಟ ಊರಿನಲ್ಲಿ ತಯಾರಾಗುತ್ತಿದ್ದ 'ಎಸೋ'. 1964ರಲ್ಲಿ ಜಾವಾ ಕಂಪನಿ ಎಸೋವನ್ನು ತನ್ನ ತೆಕ್ಕೆಗೆ ಹಾಕಿಕೊಂಡಿತು. ಅಲ್ಲಿಂದಾಚೆ ಟ್ರ್ಯಾಕಿನಲ್ಲಿ ಎಲ್ಲಿ ನೋಡಿದರೂ ಜಾವಾ. ಆರು ಸಲ ವಿಶ್ವ ಚಾಂಪಿಯನ್ ಆದ ನ್ಯೂಜಿಲೆಂಡಿನ ಐವನ್ ಮೇಜರ್ ಹೆಸರಾದದ್ದೂ ಜಾವಾ ಸವಾರನಾಗಿಯೇ.

ಅದೇ ಹೊತ್ತಿಗೆ ಮೈಸೂರಿನಲ್ಲಿ ಏನು ನಡೆದಿತ್ತು?

ಮುಂಬೈಯ ಪಾರ್ಸಿಗಳಾದ ರುಸ್ತುಂ ಇರಾನಿ, ಫಾರೂಕ್ ಇರಾನಿ 1950ರ ದಶಕದಲ್ಲಿ ಜಾವಾ ಗಾಡಿಗಳನ್ನು ಹೊರದೇಶದಿಂದ ತರಿಸಿ ಮಾರುತ್ತಿದ್ದರು. ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ತರಿಸಲಾಗದಿದ್ದರೆ ಇಲ್ಲೇ ಮಾಡೋಣ ಎಂದು ಅವರು ಹೊರಟಾಗ ಸಿಕ್ಕ ಊರು ಮೈಸೂರು. ಯಾದವಗಿರಿಯಲ್ಲಿ ಎದ್ದ 'ಐಡಿಯಲ್ ಜಾವಾ' ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು.

ಹೆಸರು ಒಂದೇ ಆದರೂ ಡಿವಿಶೋವ್ ಗಾಡಿಗೂ ಮೈಸೂರು ಗಾಡಿಗೂ ಅಜಗಜಾಂತರ. ಅಲ್ಲಿಯದು ನಾಲ್ಕು ಸ್ಟ್ರೋಕ್, ಇಲ್ಲಿಯದು ಎರಡು. ಅಲ್ಲಿ ಒಂದೇ ಗೇರು, ಇಲ್ಲಿ ನಾಲ್ಕು. ಅದು ನಾಲ್ಕು ಸುತ್ತಿಗೆ ಮಾಡಿದ್ದು, ಇದು ಗಂಡ, ಹೆಂಡತಿ, ಟ್ಯಾಂಕಿನ ಮೇಲೊಂದು ಮಗು ಕೂತು ಶ್ರೀರಂಗಪಟ್ಟಣಕ್ಕೋ ನಂಜನಗೂಡಿಗೋ ಹೋಗಿಬರಲು ಮಾಡಿದ್ದು. ಬ್ರೇಕಂತೂ ಇತ್ತು, ಬಿಡಿ!

ಹಳೇ ಜಾವಾದಲ್ಲಿ ಕಿಕ್ಕರ್ ಬೇರೆ, ಗೇರ್ ಲಿವರ್ ಬೇರೆ ಇರಲಿಲ್ಲ. ಎಡಗಡೆ ಇರುವ ಒಂದೇ ಲಿವರನ್ನು ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ಒದ್ದರೆ ಕಿಕ್ಕರ್. ಎಂಜಿನ್ ಹತ್ತಿದ ಮೇಲೆ ಮತ್ತೆ ಕೆಳಕ್ಕೆ ತಂದರೆ ಅದೇ ಗೇರ್. ಇನ್ನೂ ಮಜಾ ಏನೆಂದರೆ, ಗೇರ್ ಲಿವರ್ ಮೇಲೆ ಕಾಲಿಟ್ಟು ಒತ್ತಿದರೆ ಕ್ಲಚ್ಚೂ ತಾನೇ ಬಿಟ್ಟುಕೊಳ್ಳುತ್ತಿತ್ತು. ಕೈಯಲ್ಲಿ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಹುದಿತ್ತು. ಗೊತ್ತಿಲ್ಲದವರು ಗಾಡಿ ಕದ್ದರೂ ಸ್ಟಾರ್ಟ್ ಮಾಡಲು ಬೆವರು ಸುರಿಸಬೇಕಿತ್ತು.

ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗಾಡಿ ಕಣ್ಣಿಗೆ ಬೀಳುವ ಮೊದಲೇ ಸದ್ದು ಕೇಳಿ, ಯಾರ ಮನೆಯವರು ಬಂದರೆಂದು ಬೀದಿಯವರು ಹೇಳುತ್ತಿದ್ದ ಕಾಲವದು. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕಾದ್ದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟಿಕೊಳ್ಳುತ್ತಿತ್ತು. ಆಗಾಗ ಬಿಚ್ಚಿ, ಸುಟ್ಟು, ಕೆರೆದು ತೆಗೆಯದಿದ್ದರೆ ಗಾಡಿ ಎಳೆಯುತ್ತಿರಲಿಲ್ಲ.

1973ರಲ್ಲಿ ಟ್ಯಾಂಕಿನ ಮೇಲಿನ ಹೆಸರು 'ಯೆಜ್ಡಿ' ಆಯಿತು. 1978ರಲ್ಲಿ ಬಂದ 'ರೋಡ್‌ಕಿಂಗ್' 250 ಸಿಸಿಯಲ್ಲಿ 16 ಕುದುರೆ ಶಕ್ತಿ ಕೊಡುತ್ತಿತ್ತು. ನನ್ನ ಮಟ್ಟಿಗೆ ಯಾದವಗಿರಿಯ ಅತ್ಯುತ್ತಮ ಗಾಡಿ ಇದೇ. ರ‍್ಯಾಲಿ ಮತ್ತು ಮೋಟೋಕ್ರಾಸ್ ಹುಚ್ಚಿನವರು ಮುಗಿಬಿದ್ದದ್ದೂ ಇದಕ್ಕೇ.

ನಮ್ಮಲ್ಲಿ ಸ್ಪೀಡ್‌ವೇ ಬೇರೂರಲಿಲ್ಲ. ದಕ್ಷಿಣದ ಸವಾರರು ಹುಚ್ಚು ತೀರಿಸಿಕೊಳ್ಳಲು ಹೋಗುತ್ತಿದ್ದದ್ದು ಮದರಾಸಿನ ಹೊರಗಿನ ಶೋಳಾವರಂಗೆ. ಅದು ರೇಸಿಗೆಂದು ಕಟ್ಟಿದ ಜಾಗವೇ ಅಲ್ಲ, ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ. ಮದರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಅಲ್ಲಿ ಕಾರು, ಬೈಕು ಎರಡನ್ನೂ ಓಡಿಸುತ್ತಿತ್ತು. ಜಾವಾ, ಯೆಜ್ಡಿ, ಬುಲೆಟ್‌ಗಳು ಸೆಣಸಿದ್ದು ಅಲ್ಲೇ. ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಸಿದ್ಧವಾದದ್ದು 1990ರಲ್ಲಿ. ಅಷ್ಟರಲ್ಲಿ ಯೆಜ್ಡಿಯ ಕಾಲ ಮುಗಿಯುತ್ತಾ ಬಂದಿತ್ತು.

ಯೆಜ್ಡಿಯನ್ನು ಹಿಂದಿಕ್ಕಿದ್ದು ದೊಡ್ಡ ಗಾಡಿಗಳಲ್ಲ, 100 ಸಿಸಿಯ ಪುಟಾಣಿಗಳು! 1980ರ ದಶಕದ ನಡುವೆ ಬಂದ ಹೀರೋ ಹೋಂಡಾ ಮೈಲೇಜಿನಲ್ಲಿ ಗೆದ್ದಿತು, ಯಮಾಹಾ ಆರ್‌ಎಕ್ಸ್ 100 ಓಟದಲ್ಲಿ ಗೆದ್ದಿತು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿ ಕಾರ್ಖಾನೆಗೆ ಬೀಗ ಬಿತ್ತು. ಮುಚ್ಚಿದ ಮೇಲೂ ಗಲಾಟೆ ತಪ್ಪಲಿಲ್ಲ. 'ಯೆಜ್ಡಿ' ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿತು.

2018ರ ನವೆಂಬರಿನಲ್ಲಿ ಮಹೀಂದ್ರ ಬೆಂಬಲದ 'ಕ್ಲಾಸಿಕ್ ಲೆಜೆಂಡ್ಸ್' ಜಾವಾವನ್ನು ಮತ್ತೆ ತಂದಿತು. ಎಂಜಿನ್ ಈಗ ನಾಲ್ಕು ಸ್ಟ್ರೋಕಿನದು. ತಯಾರಾಗುವುದು ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ.

ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅವತ್ತು ಮೈಸೂರು, ಬೆಂಗಳೂರು ಸೇರಿದಂತೆ ಹಲವು ಊರುಗಳಲ್ಲಿ ಹಳೇ ಗಾಡಿಗಳು ಸಾಲುಗಟ್ಟಿ ಹೊರಡುತ್ತವೆ. ಸಿಗದ ಸ್ಪೇರ್ ಪಾರ್ಟ್ ಯಾರ ಬಳಿ ಇದೆಯೆಂದು ವಿಚಾರಿಸುವವರಿಗೆ ಅದಕ್ಕಿಂತ ಒಳ್ಳೆಯ ದಿನ ಇನ್ನೊಂದಿಲ್ಲ.